"ಎಂತದೂ ಇಲ್ಲೆ" ಎನ್ನುವ ಹುಡುಗರು

ನಮ್ಮ ಕಡೆ ಉಪನಯನದ ಮನೆಯಲ್ಲೋ ಮದುವೆ ಮನೆಯಲ್ಲೋ ಊಟಕ್ಕೆ ಮೊದಲು ಜಗಲಿಯಲ್ಲಿ ಕೂತು ಹೆಂಗಸರ ಮಾತು ಕೇಳಿ. 13-14 ವರ್ಷದ ಗಂಡುಮಕ್ಕಳಿರುವ ತಾಯಂದಿರದ್ದೆಲ್ಲ ಒಂದೇ ದೂರು. ನಮ್ಮನೆ ಮಾಣಿ ಈಗ ಬಾಯೇ ಬಿಡ್ತಾ ಇಲ್ಲೆ. ಆರನೇ ಕ್ಲಾಸಿನ ತನಕ ಶಾಲೆಯಿಂದ ಬಂದವನು ಚೀಲ ಕೆಳಗಿಡುವ ಮೊದಲೇ ಇಡೀ ದಿನದ ಸುದ್ದಿ ಹೇಳಿ ಮುಗಿಸುತ್ತಿದ್ದ. ಈಗ ಕರೆದರೆ ಬರುತ್ತಾನೆ, ಉಣ್ಣುತ್ತಾನೆ, ಎದ್ದು ಹೋಗುತ್ತಾನೆ. ಎಂತಾತೋ ತಮ್ಮಾ ಅಂದರೆ "ಎಂತದೂ ಇಲ್ಲೆ" ಅನ್ನುತ್ತಾನೆ. ಘಟ್ಟದ ಕೆಳಗೆ ಕುಮಟೆ, ಅಂಕೋಲೆ ಕಡೆಯ ಮನೆಗಳಲ್ಲೂ ಇದೇ ಕತೆ. ಕೇಳಿಸಿಕೊಂಡ ಇನ್ನೊಬ್ಬ ತಾಯಿ ಸಮಾಧಾನ ಹೇಳುತ್ತಾಳೆ. ಈ ವಯಸ್ಸೇ ಹಾಗೆ, ಅದರ ಮೇಲೆ ಮೊಬೈಲು ಬೇರೆ, ಪಿಯುಸಿ ಮುಗಿದರೆ ಸರಿ ಹೋಗ್ತು. ಅಷ್ಟರಲ್ಲಿ ಎಲೆ ಹಾಕಿದರು ಎಂಬ ಕರೆ ಬರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ.

ನಾನು ಈ ವಯಸ್ಸಿನ ಹುಡುಗರಿಗೆ ಪಾಠ ಹೇಳಿಕೊಂಡೇ ಬದುಕಿದವನು. ಮನೆ ಶಿರಸಿ ಸೀಮೆಯಲ್ಲಿ. ನೌಕರಿಯ ಹೆಚ್ಚಿನ ವರ್ಷ ಕಳೆದದ್ದು ಕರಾವಳಿಯ ಹೈಸ್ಕೂಲುಗಳಲ್ಲಿ. ಹೀಗಾಗಿ ಅಡಿಕೆ ತೋಟದ ಮನೆಯ ಹುಡುಗರನ್ನೂ ಬಲೆ, ದೋಣಿಯ ಮನೆಯ ಹುಡುಗರನ್ನೂ ಹತ್ತಿರದಿಂದ ನೋಡಿದ್ದೇನೆ. ಒಂದು ವಿಷಯ ಬಹಳ ದಿನದಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಮಾತು ನಿಂತ ಹುಡುಗನ ಒಳಗೆ ಏನೂ ನಡೆಯುತ್ತಿಲ್ಲ ಎಂದು ನಾವು ಅಂದುಕೊಂಡಿದ್ದೇವೆ. ಇಲ್ಲವೇ ಏನೋ ಕೆಟ್ಟದ್ದು ನಡೆಯುತ್ತಿದೆ ಎಂದು ಹೆದರುತ್ತೇವೆ. ಅವನು ದೇವರ ಬಗ್ಗೆ, ಸಾವಿನ ಬಗ್ಗೆ, ತಾನು ಒಳ್ಳೆಯವನೋ ಕೆಟ್ಟವನೋ ಎಂಬುದರ ಬಗ್ಗೆ ರಾತ್ರಿಯಿಡೀ ಯೋಚಿಸುತ್ತಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಹುಡುಗನ ಧರ್ಮ ಎಂದರೆ ನಮಗೆ ಕಣ್ಣಿಗೆ ಕಾಣುವ ಸಂಗತಿ. ಜನಿವಾರ ಇದೆಯೋ, ದೇವರಿಗೆ ಕೈ ಮುಗಿದನೋ, ಶುಕ್ರವಾರದ ನಮಾಜಿಗೆ ಹೋದನೋ, ಭಾನುವಾರ ಇಗರ್ಜಿಗೆ ಬಂದನೋ. ಅಷ್ಟು ಆದರೆ ಸಾಕು. ಹೆಣ್ಣುಮಕ್ಕಳಿಗೂ ಇಂಥದ್ದೇ ಒಳಗಿನ ಬದುಕು ಇದೆ, ಅದರ ಕಷ್ಟಗಳೇ ಬೇರೆ. ನನಗೆ ಗೊತ್ತಿರುವುದು ಹುಡುಗರದ್ದು. ಅದನ್ನಷ್ಟೇ ಬರೆಯುತ್ತೇನೆ.

ಚೌಡಿ ಕಟ್ಟೆ

ಅಕ್ಕನ ಮಗನಿಗೆ ಆಗ 15. ಹತ್ತನೇ ಕ್ಲಾಸು. ಅಕ್ಕನ ಮನೆ ಶಿರಸಿಯಿಂದ ಸಿದ್ದಾಪುರದ ಕಡೆಗೆ, ತೋಟದ ತಲೆಯ ಮೇಲೆ. ಹಿಂದೆ ಸೊಪ್ಪಿನ ಬೆಟ್ಟ. ಬೆಟ್ಟದ ಅಂಚಿನಲ್ಲಿ ಊರ ದೇವತೆ ಚೌಡಿಯ ಒಂದು ಕಟ್ಟೆ ಇದೆ. ಗುಡಿಯೇನೂ ಇಲ್ಲ. ದೊಡ್ಡ ಮರ, ಬುಡದಲ್ಲಿ ಕುಂಕುಮ ಮೆತ್ತಿದ ಕಲ್ಲು, ಮುಂದೆ ಒಂದು ಹಳೆಯ ಗಂಟೆ. ವರ್ಷಕ್ಕೊಮ್ಮೆ ಕಾಯಿ ಒಡೆಸುತ್ತಾರೆ. ಉಳಿದ ದಿನ ಅತ್ತ ಹೋಗುವವರು ಕಡಿಮೆ. ಆ ವರ್ಷ ಮಾಣಿ ದಿನಾ ಮೂರುಸಂಜೆ ಹೊತ್ತಿಗೆ ಮನೆಯಿಂದ ಮಾಯವಾಗುತ್ತಿದ್ದ. ಬೀಡಿ ಸೇದಲು ಕಲಿತಿದ್ದಾನೆ ಎಂದು ಭಾವನಿಗೆ ಅನುಮಾನ. ಯಾವುದೋ ಹುಡುಗಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಾನೆ ಎಂದು ಅಕ್ಕನಿಗೆ. ಆದರೆ ಅವನ ಫೋನು ಜಗಲಿಯ ಮೇಲೇ ಇರುತ್ತಿತ್ತು. ಅದರ ಮೇಲೆ ಇನ್ನೊಂದು ದೂರು, ಸಂಧ್ಯಾವಂದನೆ ಪೂರ್ತಿ ಬಿಟ್ಟಿದ್ದಾನೆ ಎಂಬುದು. ಉಪನಯನಕ್ಕೆ ಅಷ್ಟು ಖರ್ಚು ಮಾಡಿ, ಅಷ್ಟು ಜನರನ್ನು ಕರೆದು, ಜನಿವಾರ ಹಾಕಿದ್ದೊಂದೇ ಬಂತು ಎಂದು ಅಕ್ಕ ಬೇಜಾರು ಮಾಡಿಕೊಳ್ಳುತ್ತಿದ್ದಳು.

ಅಬ್ಬಿ ನೀರಿನ ಪೈಪು ಎಲ್ಲೋ ಕಿತ್ತು ಹೋಗಿದೆ ಎಂದು ನೋಡಲು ನಾನು ಬೆಟ್ಟ ಹತ್ತಿದ್ದೆ. ಬರುವಾಗ ಕತ್ತಲು ಕಟ್ಟುತ್ತಿತ್ತು. ಮಾಣಿ ಚೌಡಿ ಕಟ್ಟೆಯ ಒಂದು ಬದಿಯಲ್ಲಿ ಮೊಣಕಾಲು ಮಡಚಿ ಕೂತಿದ್ದ. ಕೈ ಮುಗಿದಿರಲಿಲ್ಲ. ಕಣ್ಣು ಮುಚ್ಚಿರಲಿಲ್ಲ. ತೋಟದ ಕಡೆಗೆ ನೋಡುತ್ತಿದ್ದ. ನನ್ನನ್ನು ಕಂಡು ಏಳಲು ಹೊರಟ. ನಾನು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ. ಅವನೂ ಹಾಗೇ ಕೂತ. ಜೀರುಂಡೆ ಕೂಗುತ್ತಿತ್ತು. ಕೆಳಗೆ ಅಕ್ಕ ದೀಪ ಹಚ್ಚಿದ್ದು ಕಂಡಿತು. ಆಮೇಲೆ ಇಬ್ಬರೂ ಇಳಿದು ಬಂದೆವು. ದಾರಿಯಲ್ಲಿ ಪೈಪಿನ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಮನೆಯಲ್ಲಿ ಯಾರಿಗೂ ನಾನು ಹೇಳಲೂ ಇಲ್ಲ.

ಅವನು ಮಾತಾಡಿದ್ದು ಅಡಿಕೆ ಗೊನೆಯ ಕೊಯ್ಲು ಶುರುವಾದ ಮೇಲೆ. ಆಗ ಆ ಊರಿಗೆ ಅಡಿಕೆ ಸುಲಿಯುವ ಮಶಿನ್ನು ಇನ್ನೂ ಬಂದಿರಲಿಲ್ಲ. ರಾತ್ರಿ ಊಟ ಮುಗಿಸಿ ಮೆಟ್ಟುಗತ್ತಿ ಇಟ್ಟುಕೊಂಡು ಎಲ್ಲರೂ ಸಾಲಾಗಿ ಕೂರುವುದು. ಸುಲಿದ ಅಡಿಕೆ ಬುಟ್ಟಿಗೆ ಬೀಳುತ್ತಾ ಇರುತ್ತದೆ. ಕೈಯೆಲ್ಲ ಕಪ್ಪು. ಹನ್ನೊಂದರ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಹೋಗಿ ಮಲಗಿದರು. ಉಳಿದದ್ದು ನಾವಿಬ್ಬರೇ. ಅವನು ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದ. "ಮಾವಾ, ಅಲ್ಲಿ ಯಾರೂ ಎಂತೂ ಕೇಳ್ತ್ವಿಲ್ಲೆ." ನಾನು ಹೂಂ ಅಂದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಬಂತು. "ಅಜ್ಜ ಈಗ ಎಲ್ಲಿದ್ದ?"

ಅಜ್ಜ ತೀರಿಕೊಂಡು ಏಳೆಂಟು ತಿಂಗಳಾಗಿತ್ತು. ಉಪನಯನ ಆದ ದಿನದಿಂದ ಅಜ್ಜ, ಮೊಮ್ಮಗ ಇಬ್ಬರೂ ಬೆಳಗಿನ ಜಾವ ಒಟ್ಟಿಗೆ ಪಂಚಪಾತ್ರೆ ಹಿಡಿದು ಕೂರುತ್ತಿದ್ದರು. ಅಜ್ಜ ಅರ್ಘ್ಯ ಬಿಟ್ಟ ಮೇಲೆ ಇವನು ಬಿಡುವುದು. ಅಜ್ಜ ಹೋದ ಮೇಲೆ ಹದಿಮೂರು ದಿನ ಮನೆ ತುಂಬ ಜನ, ಮಂತ್ರ, ಹೊಗೆ. ಹದಿನಾಲ್ಕನೇ ದಿನದಿಂದ ಯಾರೂ ಅಜ್ಜನ ಹೆಸರೆತ್ತಲಿಲ್ಲ. ಅವನಿಗೆ ಅದೇ ತಡೆದುಕೊಳ್ಳಲು ಆಗದ್ದು. ಮುಂದೆ ಅಜ್ಜ ಇಲ್ಲದ ಆ ಜಾಗದಲ್ಲಿ ಒಬ್ಬನೇ ಕೂತು ನೀರು ಬಿಡುವುದು ಹೇಗೆ? ಮನೆಯವರೆಲ್ಲ ಸೋಮಾರಿತನ ಎಂದು ಬರೆದಿಟ್ಟುಕೊಂಡದ್ದು ಹುಡುಗನ ಲೆಕ್ಕದಲ್ಲಿ ಅಜ್ಜನಿಗೆ ತೋರಿಸುವ ನಿಯತ್ತು. ಅಜ್ಜ ಎಲ್ಲಿದ್ದಾರೆ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿಲ್ಲೆ ಅಂದೆ. ಆಮೇಲೆ ಬುಟ್ಟಿ ಖಾಲಿಯಾಗುವ ತನಕ ಅಜ್ಜನ ಮಾತೇ ಆಡಿದೆವು. ಅವರು ಸಿಟ್ಟು ಮಾಡಿದ್ದು, ಹಲಸಿನ ಮರ ಹತ್ತಿ ಇಳಿಯಲು ಆಗದೆ ಕೂತಿದ್ದು, ಕೊನೆಗೆ ಆಸ್ಪತ್ರೆಯಲ್ಲಿ ಮೊಮ್ಮಗನ ಕೈ ಹಿಡಿದದ್ದು.

ಆಲದ ಹಣ್ಣು, ಒಂದು ಹರಳು ಉಪ್ಪು

ಇಂಥ ಮಾತು ಹುಡುಗರು ಯಾವಾಗ ಆಡುತ್ತಾರೆ ಎಂದು ನಾನು ಗಮನಿಸುತ್ತಾ ಬಂದಿದ್ದೇನೆ. ಎದುರು ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಹೇಳು ಅಂದರೆ ಆಡುವುದಿಲ್ಲ. ಅದು ಅವರಿಗೆ ಹೆಡ್‌ಮಾಸ್ಟರ ಕೋಣೆಯ ವಿಚಾರಣೆ. ಕೈಗೆ ಕೆಲಸ ಇರಬೇಕು. ಪಕ್ಕದಲ್ಲಿ ಕೂತವನ ಕೈಗೂ ಅದೇ ಕೆಲಸ ಇರಬೇಕು. ಕಣ್ಣು ಬೇರೆ ಎಲ್ಲೋ ಇರಬೇಕು. ಬೈಕಿನ ಹಿಂದಿನ ಸೀಟಿನಲ್ಲಿ ಕೂತಾಗ, ದಡದಲ್ಲಿ ಬಲೆ ಹೊಲಿಯುವಾಗ, ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವವರಿಗೆ ಸಾಮಾನು ಕೊಡುತ್ತಾ ನಿಂತಾಗ. ಮಾತಿನ ನಡುವೆ ದೊಡ್ಡ ದೊಡ್ಡ ಬಿಡುವು ಬಂದರೂ ಯಾರಿಗೂ ಕಸಿವಿಸಿ ಆಗಬಾರದು. ಇನ್ನೂ ಒಂದು ವಿಷಯ. ಈ ಪಕ್ಕದವನು ಅಪ್ಪ ಆಗಿರುವುದು ಕಡಿಮೆ. ಮಾವ, ಚಿಕ್ಕಪ್ಪ, ಅಜ್ಜ, ದೋಣಿ ನಡೆಸುವ ತಂಡೇಲ, ಮೇಷ್ಟ್ರು, ಪಕ್ಕದ ಮನೆಯ ಅಣ್ಣ. ಅಪ್ಪನ ಮುಂದೆ ಹುಡುಗನಿಗೆ ಕಳೆದುಕೊಳ್ಳುವುದು ಬಹಳ ಇರುತ್ತದೆ.

ಆದರೆ ಅಪ್ಪಂದಿರಿಗೆ ಸಾಧ್ಯವೇ ಇಲ್ಲ ಎಂದೇನೂ ಇಲ್ಲ. ಉಪನಿಷತ್ತುಗಳಲ್ಲಿ ಇಬ್ಬರು ಅಪ್ಪಂದಿರು ಬರುತ್ತಾರೆ. ಒಬ್ಬ ನಚಿಕೇತನ ಅಪ್ಪ. ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದಾನೆ. ಹುಡುಗನಿಗೆ ಇದು ಸರಿ ಕಾಣುವುದಿಲ್ಲ. ಹಾಗಾದರೆ ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಮೂರನೇ ಸಲಕ್ಕೆ ಅಪ್ಪನಿಗೆ ಸಿಟ್ಟು ನೆತ್ತಿಗೇರಿ, ಹೋಗು, ಮೃತ್ಯುವಿಗೆ ಕೊಟ್ಟೆ ಅನ್ನುತ್ತಾನೆ. ಹುಡುಗ ನಿಜಕ್ಕೂ ಹೋಗುತ್ತಾನೆ. ಯಮನ ಬಾಗಿಲಲ್ಲಿ ಉಪವಾಸ ಕೂರುತ್ತಾನೆ. ಮನೆಯಲ್ಲಿ ಯಾರೂ ಉತ್ತರಿಸದ ಪ್ರಶ್ನೆಗೆ ಯಮನೇ ಉತ್ತರ ಹೇಳಬೇಕಾಯಿತು. ಹೋಗು ಸಾಯಿ ಎಂಬ ಮಾತು ನಮ್ಮ ಎಷ್ಟು ಮನೆಗಳಲ್ಲಿ ದಿನಾ ಕೇಳುತ್ತದೆ ಯೋಚಿಸಿ.

ಇನ್ನೊಬ್ಬ ಅಪ್ಪ ಉದ್ದಾಲಕ. ಅವನ ಮಗ ಶ್ವೇತಕೇತು 12ಕ್ಕೆ ಗುರುಕುಲಕ್ಕೆ ಹೋಗಿ 24ಕ್ಕೆ ಮರಳಿದವನು. ತುಂಬ ಕಲಿತಿದ್ದ, ಬಿಗುಮಾನದಿಂದ ಕೂತಿದ್ದ. ಅಪ್ಪ ಬೈಯುವುದಿಲ್ಲ. ಆಲದ ಹಣ್ಣು ತಾ ಅನ್ನುತ್ತಾನೆ. ಒಡೆ. ಏನು ಕಾಣುತ್ತದೆ? ಸಣ್ಣ ಬೀಜಗಳು. ಒಂದು ಬೀಜ ಒಡೆ. ಈಗ ಏನು ಕಾಣುತ್ತದೆ? ಏನೂ ಇಲ್ಲ ಅನ್ನುತ್ತಾನೆ ಮಗ. ಆ ಏನೂ ಇಲ್ಲ ಎಂಬಲ್ಲಿಂದಲೇ ಉದ್ದಾಲಕ ಶುರು ಮಾಡುತ್ತಾನೆ. ನಿನ್ನ ಕಣ್ಣಿಗೆ ಕಾಣದ ಆ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಆಲದ ಮರ ನಿಂತಿದೆ, ಅದೇ ನೀನು ಅನ್ನುತ್ತಾನೆ. ಇನ್ನೊಮ್ಮೆ ಉಪ್ಪನ್ನು ನೀರಿಗೆ ಹಾಕಿ ನಾಳೆ ಬಾ ಅನ್ನುತ್ತಾನೆ. ಬೆಳಿಗ್ಗೆ ಉಪ್ಪು ಕಾಣುವುದಿಲ್ಲ. ಮೇಲಿನಿಂದ ಕುಡಿ, ನಡುವಿನಿಂದ ಕುಡಿ, ತಳದಿಂದ ಕುಡಿ. ಎಲ್ಲ ಕಡೆ ಉಪ್ಪು. ನನಗೆ ಈ ಪ್ರಸಂಗ ಓದಿದಾಗಲೆಲ್ಲ ತತ್ತ್ವಕ್ಕಿಂತ ಮೊದಲು ಆ ಅಪ್ಪ ಕಣ್ಣಿಗೆ ಕಟ್ಟುತ್ತಾನೆ. ಮಗನ ಕೈಗೆ ಹಣ್ಣು ಕೊಟ್ಟ, ನೀರು ಕೊಟ್ಟ, ಒಂದು ರಾತ್ರಿ ಕಾದ. ಮಗ ಇನ್ನೊಮ್ಮೆ ಹೇಳು ಅಂದಾಗಲೆಲ್ಲ ಆಗಲಿ ಎಂದು ಮತ್ತೆ ಹೇಳಿದ. ಆ ಮಾತು ಒಟ್ಟು ಒಂಬತ್ತು ಸಲ ಬರುತ್ತದೆ.

ಹದಿನಾರರ ಸಾವು

ಈ ವಯಸ್ಸಿನಲ್ಲಿ ಸಾವು ಮೊದಲ ಸಲ ತನ್ನದು ಅನ್ನಿಸುತ್ತದೆ. ಸಣ್ಣವರಿದ್ದಾಗ ಸಾಯುವುದು ಬೇರೆಯವರು. ಕರಾವಳಿಯ ಹುಡುಗರಿಗೆ ಇದು ಬೇಗ ಗೊತ್ತಾಗುತ್ತದೆ. ಬೈತಖೋಲ, ಬೇಲೇಕೇರಿ, ತದಡಿ, ಕಾಸರಕೋಡ, ಯಾವ ಬಂದರಿನ ಕೇರಿಗೆ ಹೋದರೂ ಕಡಲು ಇಟ್ಟುಕೊಂಡ ಒಬ್ಬನ ಹೆಸರು ಇರುತ್ತದೆ. ದೋಣಿ ತಡವಾದ ದಿನ ಮನೆಯ ಹೆಂಗಸರ ಮುಖ ಹೇಗಿರುತ್ತದೆ ಎಂದು ಆ ಹುಡುಗರಿಗೆ ಗೊತ್ತು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಮೇಲೆ ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈ ಮುಗಿಯುತ್ತಾರೆ. ಆಗ ದಡದಲ್ಲಿ ಹಿಂದೆ ನಿಂತ ಹುಡುಗರ ಮುಖ ನೋಡಬೇಕು. ತಮಾಷೆ ಮಾಡುತ್ತಿದ್ದವರೂ ಕಾಯಿ ನೀರಿಗೆ ಬೀಳುವಾಗ ಸುಮ್ಮನಾಗುತ್ತಾರೆ. ಯಾರೂ ಹೇಳಿಕೊಡದ ಪ್ರಾರ್ಥನೆ ಅದು.

1896ರ ಜುಲೈಯಲ್ಲಿ ಮದುರೆಯ ಒಂದು ಮನೆಯ ಮಹಡಿಯಲ್ಲಿ 16 ವರ್ಷದ ಹುಡುಗನೊಬ್ಬನಿಗೆ ಇದ್ದಕ್ಕಿದ್ದಂತೆ ಸಾವಿನ ಭಯ ಬಂತು. ಕಾಯಿಲೆ ಏನೂ ಇರಲಿಲ್ಲ. ಅವನು ಯಾರನ್ನೂ ಕೂಗಲಿಲ್ಲ. ಹೆಣದ ಹಾಗೆ ನೆಟ್ಟಗೆ ಮಲಗಿ, ತುಟಿ ಬಿಗಿದು, ಈ ದೇಹ ಸತ್ತರೆ ನಾನು ಸತ್ತೆನೇ ಎಂದು ಒಳಗೇ ಕೇಳಿಕೊಂಡ. ಮುಂದೆ ಜಗತ್ತು ಅವನನ್ನು ರಮಣ ಮಹರ್ಷಿ ಎಂದು ಕರೆಯಿತು. ನಾನು ಹೇಳಬೇಕೆಂದಿರುವುದು ಅವರ ಮಹಿಮೆಯನ್ನಲ್ಲ, ಆ ಮನೆಯವರಿಗೆ ಕಂಡದ್ದನ್ನು. ಅವರಿಗೆ ಕಂಡದ್ದು ಹುಡುಗನಿಗೆ ಓದಿನಲ್ಲಿ ಮನಸ್ಸಿಲ್ಲ ಎಂಬುದು ಮಾತ್ರ. ಕೆಲವು ವಾರಗಳ ಮೇಲೆ ಅವನು ಶಾಲೆಯ ಶಿಕ್ಷೆಯಾಗಿ ಇಂಗ್ಲಿಷ್ ವ್ಯಾಕರಣದ ಪಾಠ ನಕಲು ಮಾಡುತ್ತಿದ್ದ. ನಡುವೆ ಪುಸ್ತಕ ಬದಿಗಿಟ್ಟು ಕಣ್ಣು ಮುಚ್ಚಿ ಕೂತದ್ದನ್ನು ಕಂಡು ಅಣ್ಣ ಗದರಿದ. ಹೀಗೆ ಇರುವವನಿಗೆ ಇದೆಲ್ಲ ಯಾಕೆ ಎಂದು ಕೇಳಿದ. ಅಣ್ಣನ ಫೀಸಿಗೆ ಕೊಟ್ಟ 5 ರೂಪಾಯಿಯಲ್ಲಿ 3 ತೆಗೆದುಕೊಂಡು, ಚೀಟಿ ಬರೆದಿಟ್ಟು, ಹುಡುಗ ತಿರುವಣ್ಣಾಮಲೆಗೆ ಹೋದ. ಮತ್ತೆ ಮನೆಗೆ ಬರಲೇ ಇಲ್ಲ.

ಎಲ್ಲ ಹುಡುಗರೂ ರಮಣರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಎಲ್ಲವನ್ನೂ ಬಿಟ್ಟು ಹೋಗಬೇಕು ಎಂಬ ಆಸೆ ಈ ವಯಸ್ಸಿನಲ್ಲಿ ಎಷ್ಟೋ ಜನರನ್ನು ಮುಟ್ಟಿ ಹೋಗುತ್ತದೆ. ಹಿಂದಿನವರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಮದುವೆಯ ಕಾಶಿಯಾತ್ರೆ ಏನು ಮತ್ತೆ? ಕೊಡೆ, ಕೋಲು ಹಿಡಿದು ಹೊರಟ ಹುಡುಗನನ್ನು ತಡೆದು ಕರೆತರಬೇಕು. ಈಗ ಅದು ಫೋಟೋಕ್ಕೆ ಮಾತ್ರ. ನಮ್ಮ ಕಾರವಾರದ ಕಡಲತಡಿಗೆ ಯಾರ ಹೆಸರಿಟ್ಟಿದ್ದೇವೋ ಆ ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಾಗ 22ರ ಆಸುಪಾಸಿನ ಯುವಕ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಕಾಳಿ ನದಿಯಲ್ಲಿ ಬೆಳದಿಂಗಳಲ್ಲಿ ದೋಣಿಯಲ್ಲಿ ಹೋದರು, ಇಲ್ಲಿದ್ದಾಗ ಒಂದು ನಾಟಕ ಬರೆದರು. ಅದರ ನಾಯಕ ಒಬ್ಬ ಸನ್ಯಾಸಿ. ಎಲ್ಲ ನಂಟು ಕಡಿದುಕೊಂಡೆ ಎಂದುಕೊಂಡವನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ಬಿಡಬೇಕು ಎಂಬ ಆಸೆಯೂ ಯಾರಾದರೂ ಹಿಡಿದುಕೊಳ್ಳಲಿ ಎಂಬ ಆಸೆಯೂ ಹುಡುಗರಲ್ಲಿ ಒಟ್ಟಿಗೇ ಇರುತ್ತವೆ. ಕಾರವಾರದ ಮರಳಿನ ಮೇಲೆ ಆ ಯುವಕನಿಗೆ ಇದು ಹೊಳೆದದ್ದು ನನಗೆ ಖುಷಿಯ ವಿಷಯ.

41 ದಿನದ ಸ್ವಾಮಿ

ಕರಾವಳಿಯ ಒಂದು ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ. ಅಪ್ಪ ಬೋಟಿನಲ್ಲಿ ಕೆಲಸಕ್ಕೆ ಹೋಗುವವರು, ಅಮ್ಮ ಪೇಟೆಯಲ್ಲಿ ಮೀನು ಮಾರುವವರು. ಹುಡುಗನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ವಾರಕ್ಕೆ ಒಂದಾದರೂ ಜಗಳ, ಸ್ಟಾಫ್‌ರೂಮಿಗೆ ಒಂದಾದರೂ ದೂರು. ನವೆಂಬರಿನ ಒಂದು ಬೆಳಿಗ್ಗೆ ಅವನು ಕಪ್ಪು ಪಂಚೆ ಉಟ್ಟು, ಕೊರಳಲ್ಲಿ ಅಯ್ಯಪ್ಪನ ಮಾಲೆ ಹಾಕಿ, ಬರಿಗಾಲಲ್ಲಿ ಬಂದ. ಮಾವ ತಂಡ ಕರೆದೊಯ್ಯುವ ಗುರುಸ್ವಾಮಿ, ಇವನು ಮೊದಲ ಸಲ ಹೊರಟ ಕನ್ನಿಸ್ವಾಮಿ. ನಾನು ಹಾಜರಿ ಕರೆಯುವಾಗ ಹೆಸರು ಹೇಳಿದೆ. ಹುಡುಗರೆಲ್ಲ ಒಟ್ಟಿಗೆ, ಸರ್, ಸ್ವಾಮಿ ಅನ್ಬೇಕು ಅಂದರು. ಅಂದೆ. ಸ್ವಾಮಿ ಶರಣಂ ಎಂದು ಮೆಲ್ಲಗೆ ಹೇಳಿದ. ಅವತ್ತಿನಿಂದ 41 ದಿನ ನನ್ನ ಹಾಜರಿಯಲ್ಲಿ ಅವನು ಸ್ವಾಮಿ.

ಆ ಮನೆಯಲ್ಲಿ ಏನಾಯಿತು ಎಂದು ಅವನ ಅಮ್ಮ ಹೇಳಿದ್ದನ್ನು ನಾನು ಮರೆಯುವುದಿಲ್ಲ. ಮೀನಿನವರ ಮನೆ. ಅಷ್ಟು ದಿನ ಒಲೆಯ ಮೇಲೆ ಮೀನು ಇಡಲಿಲ್ಲ. ಆಕೆ ದಿನಾ ಮೀನು ಮಾರಿ ಬಂದು, ತಲೆಗೆ ಸ್ನಾನ ಮಾಡಿ, ಆಮೇಲೆ ಮಗನಿಗೆ ಅಡುಗೆ ಮಾಡಿದರು. ಬೆಳಿಗ್ಗೆ ತಣ್ಣೀರ ಸ್ನಾನ ಮಾಡಿ ಬಂದ ಮಗನ ಕಾಲಿಗೆ ನಮಸ್ಕಾರ ಮಾಡಿದರು. ಕಡಲಿನಿಂದ ಬಂದ ಅಪ್ಪ, ಮೊನ್ನೆ ತನಕ ಬೆಲ್ಟು ತೆಗೆದು ಬಾರಿಸುತ್ತಿದ್ದ ಅಪ್ಪ, "ಸ್ವಾಮಿ ಊಟ ಮಾಡಿದ್ರಾ" ಎಂದು ಬಹುವಚನದಲ್ಲಿ ಕೇಳಿದರು. ಕ್ಲಾಸಿನಲ್ಲಿ ಯಾರಾದರೂ ಕೆಣಕಿದರೆ ಹುಡುಗ ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುತ್ತಿದ್ದ. ನನ್ನ ಕಣ್ಣೆದುರಿಗೇ ಒಬ್ಬ ಹುಡುಗ ತನ್ನನ್ನು ತಾನು ಹಿಡಿದುಕೊಳ್ಳುವುದನ್ನು ಕಲಿಯುತ್ತಿದ್ದ.

ಜನವರಿಯಲ್ಲಿ ಶಬರಿಮಲೆ ಬೆಟ್ಟಕ್ಕೆ ಹೋಗಿ ಬಂದ. ದಾರಿಯ ಶರಂಕುತ್ತಿಯಲ್ಲಿ ಕನ್ನಿಸ್ವಾಮಿಗಳೆಲ್ಲ ಮಾಡುವ ಹಾಗೆ ಶರ ಚುಚ್ಚಿ ಬಂದ ಕತೆಯನ್ನು ಗೆಳೆಯರಿಗೆ ಹೇಳಿದ. ಮಾಲೆ ತೆಗೆದ. ಗಣರಾಜ್ಯೋತ್ಸವದ ಹಿಂದಿನ ದಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದೆವು. ಅವನು ಹಗ್ಗದ ಒಂದು ತುದಿ, ನಾನು ಇನ್ನೊಂದು ತುದಿ. ಬಗ್ಗಿಕೊಂಡೇ ಹೇಳಿದ. "ಸರ್, ಈಗ ಮತ್ತೆ ಎಲ್ಲ ಮೊದ್ಲಿನ ಹಾಗೇ ಕರೀತಾರೆ." ಬೇಜಾರಾ ಎಂದು ಕೇಳಿದೆ. "ಬೇಜಾರು ಅಂತಲ್ಲ. ಎಲ್ಲ ಸ್ವಾಮಿ ಅಂದ್ರೆ ಒಳಗೆ ಯಾರೋ ಇದ್ದಾರೆ ಅನ್ನಿಸ್ತಿತ್ತು. ಈಗ ಇದ್ದಾರೋ ಇಲ್ವೋ ಗೊತ್ತಾಗೂದಿಲ್ಲ."

ಅವನಿಗೆ ಬೇಕಾಗಿದ್ದು ಮರ್ಯಾದೆ ಮಾತ್ರ, ದೇವರಲ್ಲ ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಹದಿನಾಲ್ಕರ ಹುಡುಗನಿಗೆ ಇವೆರಡು ಬೇರೆ ಬೇರೆ ದಾರಿಯಲ್ಲಿ ಬರುವುದಿಲ್ಲ. ತನ್ನೊಳಗೆ ಕಾಪಾಡಬೇಕಾದ್ದು ಏನೋ ಇದೆ ಎಂದು ಅವನಿಗೆ ಮೊದಲು ತಿಳಿಯುವುದು ದೊಡ್ಡವರು ಅದರ ಮುಂದೆ ತಲೆ ಬಾಗಿಸಿದಾಗ. ನಮ್ಮ ಆಚರಣೆಗಳನ್ನು ನೋಡಿ. ಉಪನಯನದಲ್ಲಿ ಹೆತ್ತ ತಾಯಿ ಮೊದಲು ಮಗನನ್ನು ಜೊತೆಗೆ ಕೂರಿಸಿಕೊಂಡು ಉಣಿಸುತ್ತಾಳೆ. ಆಮೇಲೆ ಅದೇ ಮಗ ಭಿಕ್ಷೆ ಬೇಡುತ್ತಾ ಬಂದಾಗ ಅಕ್ಕಿ ಹಿಡಿದು ನಿಲ್ಲುತ್ತಾಳೆ. ಭಟ್ಕಳದ ನನ್ನ ಒಬ್ಬ ಸಹೋದ್ಯೋಗಿಯ ಮಗ ಇಡೀ ಕುರಾನ್ ಬಾಯಿಪಾಠ ಮಾಡಿ ಹಾಫಿಜ್ ಆದ. ರಂಜಾನಿನಲ್ಲಿ ರಾತ್ರಿಯ ತರಾವೀಹ್ ನಮಾಜಿಗೆ ಅವನನ್ನೇ ಮುಂದೆ ನಿಲ್ಲಿಸಿದರು. ಸಾಲಿನಲ್ಲಿ ಅವನ ಹಿಂದೆ ನಿಂತವರಲ್ಲಿ ಅಪ್ಪನೂ ಒಬ್ಬರು. ಮಗನ ಹಿಂದೆ ನಿಂತು, ನೆಲಕ್ಕೆ ಹಣೆ ಹಚ್ಚಿ ಸಜ್ದಾ ಮಾಡಿದಾಗ ನನಗೆ ಅವನು ಯಾರೆಂದು ಮೊದಲ ಸಲ ಕಂಡಿತು ಎಂದು ಅವರು ಹೇಳಿದರು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಬೇರೆ ಬೇರೆ ಧರ್ಮ, ಬೇರೆ ಬೇರೆ ವಿಧಿ. ಆದರೆ ಎಲ್ಲ ಕಡೆ ಸ್ವಲ್ಪ ಹೊತ್ತಿಗೆ ಹಿರಿಯರು ಕೆಳಗೆ ಇಳಿಯುತ್ತಾರೆ, ಹುಡುಗ ಮೇಲೆ ನಿಲ್ಲುತ್ತಾನೆ. ನಲವತ್ತೆರಡನೇ ದಿನ ನಾವು ಅದನ್ನು ಪೂರ್ತಿ ಮರೆತು ಬಿಡುತ್ತೇವೆ. ಆ ಹುಡುಗ ಕೇಳಿದ್ದು ಅದನ್ನೇ ಅಲ್ವಾ? ಅದಕ್ಕೇ ಮಾಲೆ ತೆಗೆದ ಮೇಲೂ ಆ ವರ್ಷ ಪೂರ್ತಿ ನಾನು ಅವನನ್ನು ಬಹುವಚನದಲ್ಲೇ ಕರೆದೆ. ಬೇರೆ ಹುಡುಗರಿಗೂ ಕ್ರಮೇಣ ಹಾಗೇ ಅಂದೆ. ಕ್ಲಾಸು ಬದಲಾಯಿತು.

ಈ ಹಸಿವು ಗೊತ್ತಿರುವ ಬೇರೆಯವರು

ಹುಡುಗರ ಈ ಹಸಿವು ನಮಗೆ ಕಾಣದಿದ್ದರೂ ಬೇರೆ ಕೆಲವರಿಗೆ ಚೆನ್ನಾಗಿ ಕಾಣುತ್ತದೆ. ಕರಾವಳಿಯಲ್ಲಿ ಇದನ್ನು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಹೆಗಲಿಗೆ ಒಂದು ಶಾಲು ಹಾಕಿ, ಕೈಗೆ ಬಾವುಟ ಕೊಟ್ಟು, ನೀನು ಧರ್ಮ ಕಾಯುವವನು ಅಂದರೆ 16ರ ಹುಡುಗ ಎಲ್ಲಿಗೆ ಬೇಕಾದರೂ ಬರುತ್ತಾನೆ. ಮನೆಯಲ್ಲಿ ಯಾರೂ ಕೊಡದ ಮರ್ಯಾದೆ ಅಲ್ಲಿ ಸಿಗುತ್ತದೆ. ಅವನ ಭಕ್ತಿ ನಿಜವಾದದ್ದು. ಅದನ್ನು ಹಿಡಿದು ಇನ್ನೊಂದು ಕೇರಿಯ ಹುಡುಗನ ಮೇಲೆ ತಿರುಗಿಸುವುದು ಪಾಪ. ಎಲ್ಲ ಬಣ್ಣದ ಬಾವುಟದವರಿಗೂ ಈ ಮಾತು ಸಲ್ಲುತ್ತದೆ. ಗುಂಪಿನಲ್ಲಿ ಸೇರುವುದೇ ತಪ್ಪು ಎನ್ನುತ್ತಿಲ್ಲ. ಸುಗ್ಗಿಗೆ ತಲೆಗೆ ತುರಾಯಿ ಕಟ್ಟಿ ಕುಣಿಯುವ ಹಾಲಕ್ಕಿ ಒಕ್ಕಲಿಗರ ಹುಡುಗನೂ ಶಿರಸಿಯ ಜಾತ್ರೆಯಲ್ಲಿ ಮಾರಿಕಾಂಬೆಯ ರಥದ ಹಗ್ಗ ಹಿಡಿಯಲು ನುಗ್ಗುವ ಹುಡುಗನೂ ಗುಂಪಿನಲ್ಲೇ ತನ್ನನ್ನು ಮರೆಯುತ್ತಾರೆ. ಅಲ್ಲಿ ಯಾರನ್ನೂ ದ್ವೇಷಿಸಬೇಕಾಗಿಲ್ಲ.

ಫೋನಿನಲ್ಲಿ ಸಿಗುವ ಗುರುಗಳದ್ದು ಇನ್ನೊಂದು ಬಗೆ. ಬೆಳೆಯುವ ದೇಹದಲ್ಲಿ ಸಹಜವಾಗಿ ಆಗುವುದನ್ನೇ ಮಹಾಪಾಪ ಎಂದು, ಅದರಿಂದ ಬುದ್ಧಿ ಹೋಗುತ್ತದೆ, ಶಕ್ತಿ ಸೋರುತ್ತದೆ ಎಂದು ಹೆದರಿಸುವ ವಿಡಿಯೋಗಳು ಲೆಕ್ಕವಿಲ್ಲದಷ್ಟಿವೆ. ಧಾತು, ಅಂದರೆ ವೀರ್ಯ, ಹೋಗುತ್ತದೆ ಎಂಬ ಈ ಭಯ ಹಳೆಯದು. ಇಂಥ ಭಯದಿಂದ ನಿದ್ದೆ, ಆರೋಗ್ಯ ಕೆಡಿಸಿಕೊಂಡವರನ್ನು ಕಂಡು ಡಾಕ್ಟರ್ ಎನ್. ಎನ್. ವಿಗ್ 1960ರಲ್ಲಿ ಅದನ್ನು ಧಾತ್ ಸಿಂಡ್ರೋಮ್ ಎಂದು ಕರೆದರು. ದೇಹಕ್ಕೆ ಅದರಿಂದ ಕೇಡಿಲ್ಲ. ಕೇಡು ಭಯದ್ದು. ದೇವರಿಗೆ ಮುಖ ತೋರಿಸಲು ಯೋಗ್ಯನಲ್ಲ ಎಂದುಕೊಂಡು ಗುಡಿಯ ಹೊರಗೇ ನಿಲ್ಲುವ ಹುಡುಗರನ್ನು ನಾನು ಕಂಡಿದ್ದೇನೆ. ಒಬ್ಬ ಹಿರಿಯ ಗಂಡಸು ನಾಚಿಕೆಯಿಲ್ಲದೆ, ನಗದೆ, ಇದು ಎಲ್ಲರಿಗೂ ಆಗುವುದು, ಪಾಪ ಅಲ್ಲ ಎಂದು ಹೇಳಿದರೆ ಸಾಕು. ಆ ಒಂದು ಮಾತಿಗೆ ಎಷ್ಟು ಭಾರ ಇಳಿಯುತ್ತದೆ ಗೊತ್ತಾ?

ಒಂದು ಎಚ್ಚರಿಕೆ. ಎಲ್ಲ ಮೌನವೂ ಚೌಡಿ ಕಟ್ಟೆಯ ಮೌನ ಅಲ್ಲ. 2021ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂದು ಸರ್ಕಾರದ ಅಪರಾಧ ದಾಖಲೆ ವಿಭಾಗದ ಲೆಕ್ಕ ಹೇಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು. ಊಟ, ನಿದ್ದೆ ಬಿಟ್ಟರೆ, ಇಷ್ಟದ ವಸ್ತುಗಳನ್ನು ಬೇರೆಯವರಿಗೆ ಕೊಡಲು ಶುರು ಮಾಡಿದರೆ, ನಾನಿಲ್ಲದಿದ್ದರೆ ಒಳ್ಳೆಯದಿತ್ತು ಎಂದು ಒಮ್ಮೆ ಅಂದರೂ ಕಾಯಬೇಡಿ. ನೇರವಾಗಿ ಕೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ರಾಮನಿಗೆ ಒಂದು ಪ್ರಶ್ನೆ

ಮುಂಡಗೋಡಿನ ಟಿಬೆಟನ್ ಕಾಲನಿಗೆ ಶಿರಸಿಯಿಂದ ಅಷ್ಟೇನೂ ದೂರವಿಲ್ಲ. 1966ರಲ್ಲಿ ನೆಲೆ ನಿಂತವರು. ಗಾಂದೆನ್, ಡ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳು ಅಲ್ಲಿವೆ. ಸಂಜೆ ಹೊತ್ತಿಗೆ ಹೋದರೆ ಅಂಗಳದಲ್ಲಿ ಕೆಂಪು ಬಟ್ಟೆಯ ಹುಡುಗರು ವಾದ ಮಾಡುವುದು ಕಾಣುತ್ತದೆ. ಉತ್ತರ ಹೇಳುವವನು ಕೂತಿರುತ್ತಾನೆ. ಕೇಳುವವನು ನಿಂತಿರುತ್ತಾನೆ. ಪ್ರಶ್ನೆ ಮುಗಿಯುವಾಗ ಕಾಲು ಎತ್ತಿ ನೆಲಕ್ಕೆ ಬಡಿದು, ಬಲಗೈಯಿಂದ ಎಡಗೈಗೆ ಚಟ್ಟನೆ ತಟ್ಟುತ್ತಾನೆ. ಒಳಗಿನ ಪ್ರಶ್ನೆಗೆ ಕೈ, ಕಾಲು, ದನಿ ಎಲ್ಲ ಸಿಕ್ಕಿದೆ ಅಲ್ಲಿ. ಶೂನ್ಯದ ಬಗ್ಗೆ, ಕರ್ಮದ ಬಗ್ಗೆ ಕೂಗಾಡುತ್ತಾರೆ, ನಗುತ್ತಾರೆ, ಸೋಲುತ್ತಾರೆ. ನಮ್ಮ ಹುಡುಗರಿಗೆ ಇಂಥದ್ದೊಂದು ಅಂಗಳ ಎಲ್ಲಿದೆ ಎಂದು ಅಲ್ಲಿಂದ ಬರುವಾಗ ಯೋಚಿಸಿದ್ದೆ. ನಮ್ಮ ಹತ್ತಿರವೂ ಒಂದಿದೆ. ತಾಳಮದ್ದಳೆ.

ಯಕ್ಷಗಾನದ ಪ್ರಸಂಗಗಳೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ, ಮದ್ದಳೆ, ಎದುರು ಬದುರು ಕೂತು ಒಬ್ಬೊಬ್ಬರು ಒಂದೊಂದು ಪಾತ್ರದ ಮಾತಾಡುವ ಅರ್ಥಧಾರಿಗಳು. ಆ ಪಾತ್ರದ ಮಾತಿಗೇ ಅರ್ಥ ಎಂದು ಹೆಸರು. ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಬೇಕು. ಆದರೆ ಹುಡುಗರಿಗೆ ಸಾಮಾನ್ಯವಾಗಿ ದೂತನ ಅರ್ಥ ಕೊಟ್ಟು ಕೂರಿಸುತ್ತಾರೆ. ಕಳೆದ ಮಳೆಗಾಲ ನಮ್ಮೂರಲ್ಲಿ ವಾಲಿಯ ಪ್ರಸಂಗ ಇಟ್ಟುಕೊಂಡಾಗ, ವಾಲಿಯ ಅರ್ಥವನ್ನು ಪಿಯುಸಿ ಓದುವ ಹುಡುಗನಿಗೇ ಕೊಡೋಣ ಎಂದು ನಾನು ಹಟ ಹಿಡಿದೆ. ಗಾರೆ ಕೆಲಸದವರ ಮಗ. ಮಾತು ಕಡಿಮೆ. ರಾಮನ ಅರ್ಥಕ್ಕೆ 70 ದಾಟಿದ ನಮ್ಮ ಹಿರಿಯ ಅರ್ಥಧಾರಿಗಳು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆ ಎಲ್ಲರಿಗೂ ಗೊತ್ತು, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು. ಹುಡುಗ ಅದನ್ನು ಕೇಳಿ ಮುಗಿಸಿದ. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಕೇಳಿದ. "ಸುಗ್ರೀವ ಹೇಳಿದ್ದನ್ನು ಪೂರ್ತಿ ಕೇಳಿದೆ. ನನ್ನನ್ನೂ ಒಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ಲವೇ ರಾಮ?"

ಹಿರಿಯರು ಸುಮ್ಮನಾದರು. ಭಾಗವತರು ಪದ ಎತ್ತಲು ಹೋಗಿ ತಡೆದರು. ತಮ್ಮನ ಹೆಂಡತಿಯನ್ನು ಅಪಹರಿಸಿದವನಿಗೆ ಶಿಕ್ಷೆ ರಾಜಧರ್ಮ ಎಂದು ರಾಮ ಶುರು ಮಾಡಿದ. ಹುಡುಗ ಬಿಡಲಿಲ್ಲ. ಶಿಕ್ಷೆ ಬೇಡ ಎಂದು ಹೇಳುತ್ತಿಲ್ಲ, ಕೇಳಿದೆಯಾ ಎಂದು ಕೇಳುತ್ತಿದ್ದೇನೆ ಅಂದ. ಕೊನೆಗೆ ಹಿರಿಯರು, ಈ ಸಾಲ ನನ್ನ ಮೇಲೆ ಉಳಿಯಿತು, ಇನ್ನೊಂದು ಅವತಾರದಲ್ಲಿ ಬೇಡನ ಬಾಣಕ್ಕೆ ಕಾಲು ಒಡ್ಡಿ ತೀರಿಸುತ್ತೇನೆ ಅಂದರು. ಸಭೆಯಲ್ಲಿ ಚಪ್ಪಾಳೆ ಬಂತು. ಹುಡುಗನ ಅಪ್ಪ ಹಿಂದಿನ ಕಂಬಕ್ಕೆ ಒರಗಿ ನಿಂತಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ, ಮಗನನ್ನೇ ನೋಡುತ್ತಿದ್ದರು.

ಚಾ, ಅವಲಕ್ಕಿಯ ಹೊತ್ತಿಗೆ ಹಿರಿಯರು ಹುಡುಗನನ್ನು ಹತ್ತಿರ ಕರೆದರು. "ತಮ್ಮಾ, ನೀ ಕೇಳಿದ್ದಕ್ಕೆ ನಾ ಹೇಳಿದ್ದು ನಂಗೇ ಸಮಾಧಾನ ಇಲ್ಲೆ. ಐತವಾರ ಮನೆಗೆ ಬಾ, ಮಾತಾಡನ" ಅಂದರು. ಅವನು ಹೋದ. ಈಗ ಹೆಚ್ಚಿನ ಐತವಾರ ಹೋಗುತ್ತಾನೆ. ಅಲ್ಲಿ ಪುಸ್ತಕ ಓದುತ್ತಾರೆ, ಜಗಳ ಆಡುತ್ತಾರೆ, ಕೆಲವು ಸಲ ಹಿರಿಯರ ಹಿತ್ತಿಲ ಬೇಲಿ ಕಟ್ಟುತ್ತಾರೆ. ದೀಪಾವಳಿ ಕಳೆದ ಮೇಲೆ ಕರ್ಣನ ಪ್ರಸಂಗ ಇಟ್ಟುಕೊಂಡಿದ್ದೇವೆ. ಕರ್ಣ ಅವನೇ, ಕೃಷ್ಣ ಆ ಹಿರಿಯರು. ಕೃಷ್ಣನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದಾನೆ, ನನಗೆ ತೋರಿಸಲಿಲ್ಲ. ಈ ಸಲ ಇನ್ನೂ ನಾಲ್ಕು ಹುಡುಗರಿಗೆ ಅರ್ಥ ಕೊಡುತ್ತಿದ್ದೇವೆ. ಮನೆಯಲ್ಲಿ ಈ ವಯಸ್ಸಿನ ಹುಡುಗರಿದ್ದವರು ಕರೆದುಕೊಂಡು ಬನ್ನಿ. ಚಾಪೆ ಹಾಸಿರುತ್ತೇವೆ. ಮಾತಾಡಲೇಬೇಕು ಎಂದೇನೂ ಇಲ್ಲ, ಮೊದಲ ಸಲ ತಾಳ ಹಿಡಿದು ಕೂತರೂ ಆದೀತು.